ಮೊಳೆರಾಯರ ರಸಮಟ್ಟ

ಮೊಳೆರಾಯರು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಬೀದಿಯವರನ್ನು ದೂರುವಂತೆಯೂ ಇರಲಿಲ್ಲ. ಆ ಮನೆಯ ಗೋಡೆಗಳಲ್ಲಿದ್ದಷ್ಟು ಮೊಳೆ ಕಬ್ಬಿಣದ ಅಂಗಡಿಯಲ್ಲೂ ಇದ್ದಿರಲಾರದು. ಅವುಗಳಲ್ಲಿ ಒಂದಾದರೂ ನೆಟ್ಟಗಿತ್ತೇ ಎಂದು ಮಾತ್ರ ಯಾರೂ ಕೇಳಬಾರದು. ಕ್ಯಾಲೆಂಡರಿಗೆಂದು ಹೊಡೆದ ಮೊಳೆ ಬಗ್ಗಿದರೆ ಪಕ್ಕದಲ್ಲಿ ಇನ್ನೊಂದು. ಅದು ಗಾರೆಯನ್ನೂ ಕರೆದುಕೊಂಡು ಉದುರಿದರೆ ಆ ಗುಳಿ ಮುಚ್ಚಲು ಒಂದು ಚಿತ್ರಪಟ. ಆ ಚಿತ್ರಪಟ ನೇತುಹಾಕಲು ಮತ್ತೊಂದು ಮೊಳೆ. ಹೀಗೆ ಮನೆಯ ಅಲಂಕಾರ ಯಾರ ಅಪ್ಪಣೆಗೂ ಕಾಯದೆ ತನ್ನಷ್ಟಕ್ಕೆ ಬೆಳೆಯುತ್ತಾ ಹೋಗಿತ್ತು.

ಹಗಲು ಹೊತ್ತಿನಲ್ಲಿ ರಾಯರು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಗುಮಾಸ್ತರು. ತಕ್ಕಡಿಯ ಮುಳ್ಳು ಎಷ್ಟು ತೋರಿಸಿತೋ ಅಷ್ಟು. "ಇದು ಬರೀ ಹತ್ತಿ ಸಾರ್, ಇಷ್ಟು ತೂಕ ಹೇಗೆ ಬರುತ್ತೆ?" ಎಂದು ಯಾರಾದರೂ ಬಾಯಿ ತೆಗೆದರೆ, ರಾಯರು ಕನ್ನಡಕದ ಮೇಲಿಂದ ನೋಡಿ, "ನೀವು ಸುಳ್ಳು ಹೇಳಬಹುದು, ನಾನೂ ಹೇಳಬಹುದು, ಮುಳ್ಳು ಹೇಳಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಕಣ್ಣು, ಕಿವಿ, ಹೆಂಡತಿ ಇವು ಮೂರನ್ನು ನಂಬಿದವನು ಕೆಡುತ್ತಾನೆ, ಉಪಕರಣವನ್ನು ನಂಬಿದವನು ಬದುಕುತ್ತಾನೆ ಎಂಬುದು ಅವರ ಸಿದ್ಧಾಂತ. ಮುಂದೆ ನಡೆದದ್ದಕ್ಕೆಲ್ಲ ಈ ಸಿದ್ಧಾಂತವೇ ಕಾರಣವೆಂದು ಈಗಲೇ ಹೇಳಿಬಿಡುತ್ತೇನೆ.

ಅವರ ಹೆಂಡತಿಗಿದ್ದದ್ದು ಒಂದೇ ಒಂದು ಆಸೆ. ಚಿಕ್ಕಂದಿನಿಂದ ಆಕೆ ಗಾಜಿನ ಸೀಸೆಗಳನ್ನು ಕೂಡಿಹಾಕಿದ್ದಳು. ಅತ್ತರಿನದು, ಶಾಯಿಯದು, ಔಷಧಿಯದು; ನೀಲಿ, ಹಸಿರು, ಜೇನಿನ ಬಣ್ಣದವು. ಮದುವೆಯಾಗಿ ಬಂದ ದಿನ ಹಳೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟವು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅದೇ ಪೆಟ್ಟಿಗೆಯಲ್ಲಿ ಅಲೆದು, ಬೆಳಕನ್ನೇ ಕಾಣದೆ ಉಳಿದಿದ್ದವು. ಈಗ ಸ್ವಂತ ಮನೆಯಾಗಿತ್ತು. ನಡುಮನೆಯ ಗೋಡೆಗೆ, ಕಿಟಕಿಯ ಬಿಸಿಲು ಬೀಳುವ ಕಡೆ ಒಂದು ಉದ್ದನೆಯ ಹಲಗೆ ಹಾಕಿಸಿ, ಸೀಸೆಗಳನ್ನೆಲ್ಲ ಸಾಲಾಗಿ ಕೂರಿಸಿ, ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಎದುರು ಕೂತು ನೋಡಬೇಕು. ಅಷ್ಟೇ.

"ನನ್ನ ತಮ್ಮನ್ನ ಕರೆಸ್ತೀನಿ ರೀ," ಎಂದಳು. ತಮ್ಮ ಪಕ್ಕದೂರಿನಲ್ಲಿ ಬಡಗಿ.

"ಒಂದು ಹಲಗೆಗೆ ನಿನ್ನ ತಮ್ಮ ಬೇಕಾ? ನಾನೇನು ಮನೇಲಿ ಇಲ್ವಾ?"

"ಇದ್ದೀರಲ್ಲ, ಅದಕ್ಕೇ ಹೇಳ್ತಿರೋದು."

ರಾಯರ ಮುಖ ಇಷ್ಟಾಯಿತು. ಹೆಂಡತಿಗೆ ಪಾಪ ಅನ್ನಿಸಿರಬೇಕು. "ಆಯ್ತು, ನೀವೇ ಹಾಕಿ. ಆದರೆ ಬರೋ ಭಾನುವಾರದೊಳಗೆ ನನ್ನ ಸೀಸೆಗಳು ಹಲಗೆ ಮೇಲಿರಬೇಕು. ಇಲ್ದಿದ್ರೆ ಭಾನುವಾರ ತಮ್ಮ ಬರ್ತಾನೆ. ಅವನು ಬಂದ್ರೆ ಹಲಗೆ ಒಂದೇ ಅಲ್ಲ, ನೀವು ಹೊಡೆದಿರೋ ಮೊಳೆ ಅಷ್ಟನ್ನೂ ಕೀಳಿಸಿಬಿಡ್ತೀನಿ. ಆಮೇಲೆ ಈ ಮನೇಲಿ ನೀವು ಸುತ್ತಿಗೆ ಮುಟ್ಟೋ ಹಾಗಿಲ್ಲ," ಎಂದಳು.

ಸುತ್ತಿಗೆ ಮುಟ್ಟದ ಬಾಳು ಒಂದು ಬಾಳೇ? ರಾಯರು ಕೂಡಲೇ ಎದ್ದು ಕಬ್ಬಿಣದ ಅಂಗಡಿಗೆ ಹೋದರು. ಹಲಗೆ, ತ್ರಿಕೋನದ ಆಸರೆಗಳು, ಸ್ಕ್ರೂಗಳು ಎಲ್ಲ ಕೊಂಡ ಮೇಲೆ ಗಲ್ಲಾದ ಹಿಂದೆ ನೇತಾಡುತ್ತಿದ್ದ ಒಂದು ವಸ್ತು ಅವರ ಕಣ್ಣಿಗೆ ಬಿತ್ತು. ಮೊಳ ಉದ್ದದ ಹಳದಿ ಪಟ್ಟಿ, ಅದರ ನಡುವೆ ಬೆರಳು ಗಾತ್ರದ ಗಾಜಿನ ನಳಿಗೆ, ನಳಿಗೆಯೊಳಗೆ ಹಸಿರು ದ್ರವ, ದ್ರವದಲ್ಲೊಂದು ಗುಳ್ಳೆ. ಗಾರೆ ಕೆಲಸದವರು ಬಳಸುವ ರಸಮಟ್ಟ. ಗುಳ್ಳೆ ಎರಡು ಗೆರೆಗಳ ಮಧ್ಯೆ ನಿಂತರೆ ಕೆಳಗಿನದು ಸಮತಟ್ಟು; ಒಂದು ಕಡೆಗೆ ಓಡಿದರೆ ಆ ಕಡೆ ಎತ್ತರ. ರಾಯರು ಅದನ್ನು ಗಲ್ಲಾದ ಮೇಲಿಟ್ಟು ನೋಡಿದರು, ಅಂಗಡಿಯವನ ಲೆಕ್ಕದ ಪುಸ್ತಕದ ಮೇಲಿಟ್ಟು ನೋಡಿದರು, ಅಂಗಡಿಯವನ ಭುಜದ ಮೇಲೂ ಇಟ್ಟು ನೋಡಿದರು. ಇಷ್ಟು ವರ್ಷ ಇದಿಲ್ಲದೆ ಹೇಗೆ ಬದುಕಿದೆನೋ ಎಂದು ಅವರಿಗೇ ಆಶ್ಚರ್ಯವಾಯಿತು.

ಮನೆಗೆ ಬಂದು ಏಣಿ ಹತ್ತಿದರು. ರಸಮಟ್ಟ ಏಣಿಯ ಮೇಲಿಂದ ಬಿತ್ತು. ಗಾಜಿನ ನಳಿಗೆ ಒಡೆಯಲಿಲ್ಲ, ಪುಣ್ಯ. ಬರೀ ಕಳಚಿಕೊಂಡು ಮಂಚದ ಕೆಳಗೆ ಉರುಳಿತು. ರಾಯರು ಅದನ್ನು ಹುಡುಕಿ, ಊದಿ, ಮತ್ತೆ ಅದರ ಗುಳಿಯಲ್ಲಿ ಕೂರಿಸಿ, ಅಂಚೆ ಕಚೇರಿಯ ಗೋಂದು ಧಾರಾಳವಾಗಿ ಸುರಿದು ಒತ್ತಿ ಹಿಡಿದರು. "ಕಂಪನಿಯವರು ಅಂಟಿಸಿದ್ದಕ್ಕಿಂತ ಗಟ್ಟಿಯಾಯ್ತು," ಎಂದು ತಮಗೆ ತಾವೇ ಹೇಳಿಕೊಂಡರು. ಗಟ್ಟಿಯಾಗಿದ್ದದ್ದು ನಿಜ. ಮತ್ತೆ ಆ ವಿಷಯ ಅವರ ತಲೆಯಿಂದ ಪೂರ್ತಿ ಹೊರಟುಹೋಯಿತು.

ಹಲಗೆ ಗೋಡೆಗೆ ಕೂತಿತು. ಗುಳ್ಳೆ ಎರಡು ಗೆರೆಗಳ ನಟ್ಟನಡುವೆ ನಿಂತಿತು. ಹೆಂಡತಿ ಕೈ ತೊಳೆದು ಬಂದು, ಪೆಟ್ಟಿಗೆ ತೆಗೆದು, ಮೊದಲ ಸೀಸೆಯ ಬಟ್ಟೆ ಬಿಚ್ಚಿದಳು. ನೀಲಿ ಬಣ್ಣದ್ದು, ಗುಂಡನೆಯ ಗಾಜಿನ ಬಿರಡೆಯದು. ಒರೆಸಲೆಂದು ಬಿರಡೆ ತೆಗೆದು ಹಲಗೆಯ ಮೇಲಿಟ್ಟಳು. ಬಿರಡೆ ಒಂದು ಕ್ಷಣ ಯೋಚಿಸಿತು. ಆಮೇಲೆ ಬಲಕ್ಕೆ, ಹಿತ್ತಲ ಕಡೆಗೆ, ಮೆಲ್ಲಗೆ ಹೊರಟು, ಜೋರಾಗಿ ಓಡಿ, ತುದಿಯಿಂದ ನೆಗೆಯಿತು. ರಾಯರು ಅಂಗೈ ಒಡ್ಡಿ ಹಿಡಿದರು.

"ಹಲಗೆ ವಾಲಿದೆ," ಎಂದಳು ಹೆಂಡತಿ.

"ಸಾಧ್ಯವೇ ಇಲ್ಲ. ಗುಳ್ಳೆ ನೋಡು."

"ಗುಳ್ಳೆ ಯಾಕ್ರೀ ನೋಡ್ಲಿ, ಕಣ್ಣಿಗೇ ಕಾಣ್ತಿದೆಯಲ್ಲ! ಹಿತ್ತಲ ಕಡೆ ಇಳಿದಿದೆ."

ರಾಯರು ರಸಮಟ್ಟವನ್ನು ಹಲಗೆಯ ಮೇಲಿಟ್ಟರು. ಅದರ ಒಂದು ಮುಖದಲ್ಲಿ ಕಂಪನಿಯ ಹೆಸರು ಕೆಂಪಕ್ಷರದಲ್ಲಿತ್ತು. ಆ ಅಕ್ಷರ ತಮ್ಮ ಕಡೆ ಇರುವಂತೆಯೇ ಇಡಬೇಕು ಎಂಬುದು ಅವರೇ ಮಾಡಿಕೊಂಡ ನಿಯಮ. ಗುಳ್ಳೆ ನಡುವೆಯೇ ಇತ್ತು. ಹೆಂಡತಿ ಹಲಗೆಯನ್ನು ನೋಡಿದಳು, ಗುಳ್ಳೆಯನ್ನು ನೋಡಿದಳು, ಗಂಡನನ್ನು ನೋಡಿದಳು. ರಾಯರು ಹಟಕ್ಕೆ ಬಿದ್ದು ರಸಮಟ್ಟವನ್ನು ನೆಲದ ಮೇಲಿಟ್ಟರು. ಗುಳ್ಳೆ ಬಲಕ್ಕೆ ಓಡಿತು. ಕಿಟಕಿಯ ಕಟ್ಟೆಯ ಮೇಲಿಟ್ಟರು. ಬಲಕ್ಕೆ ಓಡಿತು. ಮೇಜಿನ ಮೇಲಿಟ್ಟರು. ಅಲ್ಲೂ ಅಷ್ಟೇ.

ರಾಯರು ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಮುಖದಲ್ಲಿ ಭಯ ಅಷ್ಟಾಗಿ ಇರಲಿಲ್ಲ. ಹೊಸ ಗ್ರಹ ಕಂಡುಹಿಡಿದವನ ಕುತೂಹಲ ಇತ್ತು.

"ಇವಳೇ, ಹಲಗೆ ಸರಿಯಾಗಿದೆ," ಎಂದರು. "ಮನೆ ವಾಲಿದೆ."

"ಏನಂದ್ರಿ?"

"ಮನೆ. ಬೀದಿ ಕಡೆಗೆ. ಗುಳ್ಳೆ ಹಿತ್ತಲ ಕಡೆ ಓಡಿದ್ರೆ ಬೀದಿ ಕಡೆ ತಗ್ಗು ಅಂತ ತಾನೆ? ಈ ಮನೇಲಿ ನೆಟ್ಟಗಿರೋದು ಇದೊಂದೇ ಹಲಗೆ. ಮಿಕ್ಕಿದ್ದೆಲ್ಲ ವಾಲಿರೋದ್ರಿಂದ ಇದು ವಾಲಿದ ಹಾಗೆ ಕಾಣ್ತಿದೆ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮನೆ ಬೀದಿ ಕಡೆ ವಾಲಿದ್ರೆ, ಬಿರಡೆ ಯಾಕೆ ಹಿತ್ತಲ ಕಡೆ ಓಡ್ತು?"

ಒಳ್ಳೆಯ ಪ್ರಶ್ನೆ. ರಾಯರು ಅಂಗೈಯಲ್ಲಿದ್ದ ಬಿರಡೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಅಪಾಯ ಯಾವ ಕಡೆ ಇದೆ ಅಂತ ಅದಕ್ಕೆ ಗೊತ್ತಾಗಿದೆ. ತಪ್ಪಿಸ್ಕೊಂಡು ಓಡ್ತಿದೆ," ಎಂದರು.

ಹೆಂಡತಿ ಬಿರಡೆ ಇಸಿದುಕೊಂಡು, ಸೀಸೆಗೆ ತೊಡಿಸಿ, ಬಟ್ಟೆ ಸುತ್ತಿ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. "ಮನೆ ನೆಟ್ಟಗಾದ ಮೇಲೆ ಹೇಳಿ, ತೆಗೀತೀನಿ," ಎಂದು ಒಳಗೆ ಹೋದಳು. ರಾಯರು ಮುಚ್ಚಿದ ಪೆಟ್ಟಿಗೆಯನ್ನೊಮ್ಮೆ ಸವರಿದರು. ಆದರೆ ಗುಳ್ಳೆ ಸುಳ್ಳು ಹೇಳುವುದಿಲ್ಲವಲ್ಲ, ಏನು ಮಾಡುವುದು?

ಮಾರನೆಯ ದಿನ ಎಡಪಕ್ಕದ ಮನೆಯ ನಿವೃತ್ತ ಹೆಡ್ಮೇಷ್ಟ್ರು ಬಂದರು. ಈ ಸಾಲಿನಲ್ಲಿದ್ದದ್ದು ಮೂರೇ ಮನೆ, ಗೋಡೆಗೆ ಗೋಡೆ ಅಂಟಿದವು: ಒಂದು ಕಡೆ ಹೆಡ್ಮೇಷ್ಟ್ರು, ನಡುವೆ ರಾಯರು, ಇನ್ನೊಂದು ಕಡೆ ಟೈಲರಮ್ಮ. ಹೆಡ್ಮೇಷ್ಟ್ರು ಸುತ್ತಿಗೆಯ ಸದ್ದಿನ ಮೇಲೆ ಜಗಳ ತೆಗೆಯಲೆಂದೇ ಬಂದವರು, ರಾಯರು ಬಾಯಿ ಮುಂದೆ ಬೆರಳಿಟ್ಟು, "ಮೆಲ್ಲಗೆ ಬನ್ನಿ ಸಾರ್, ಮನೆ ವಾಲಿದೆ," ಎಂದಾಗ ಜಗಳ ಮರೆತೇಬಿಟ್ಟರು.

"ಎಲ್ಲಿ, ಎಲ್ಲಿ? ತೋರಿಸಿ."

ಗುಳ್ಳೆ ತೋರಿಸಿದ್ದಾಯಿತು. ಹೆಡ್ಮೇಷ್ಟ್ರು ಮಂಡಿ ನೋವನ್ನೂ ಲೆಕ್ಕಿಸದೆ ನೆಲದ ಮೇಲೆ ಕೂತು ನೋಡಿದರು. "ಓಹೋಹೋ! ಅದಕ್ಕೇ ನನ್ನ ಕನ್ನಡಕ ಯಾವಾಗಲೂ ಒಂದೇ ಕಡೆ ಜಾರೋದು! ನಾನು ಮೂಗಿನ ದೋಷ ಅಂದ್ಕೊಂಡಿದ್ದೆ."

ರಸಮಟ್ಟ ಅವರ ಮನೆಗೂ ಹೋಯಿತು. ರಾಯರು ತಮ್ಮ ಮನೆಯಲ್ಲಿ ನಿಂತ ಹಾಗೆಯೇ, ಬೀದಿಯನ್ನು ಎಡಕ್ಕಿಟ್ಟುಕೊಂಡು ನಿಂತು ನೆಲ ನೋಡಿದರು. ಅದೂ ಬೀದಿ ಕಡೆಗೇ ವಾಲಿತ್ತು. ಹೆಡ್ಮೇಷ್ಟ್ರು ಎಂಥ ಮನುಷ್ಯ ಅಂದರೆ, ಕೂಡಲೇ ನಾಲ್ಕು ಇಟ್ಟಿಗೆ ತರಿಸಿ ಮಂಚದ ಬೀದಿ ಕಡೆಯ ಕಾಲುಗಳಿಗೆ ಎರಡೆರಡು ಕೊಟ್ಟು, "ಈಗ ಸರಿಯಾಗಿ ನೆಟ್ಟಗೆ ಮಲಗಬಹುದು," ಎಂದು ಮಲಗಿ ತೋರಿಸಿದರು. ಕಾಲು ಮೇಲಕ್ಕೂ ತಲೆ ಕೆಳಕ್ಕೂ ಆಗಿ ಮುಖ ಕೆಂಪಗಾಯಿತು. "ಇಷ್ಟು ವರ್ಷ ಸೊಟ್ಟಗೆ ಮಲಗಿ ಮಲಗಿ ನೆಟ್ಟಗಿರೋದೇ ಸೊಟ್ಟ ಅನ್ನಿಸ್ತಿದೆ. ಅಭ್ಯಾಸ ಆಗುತ್ತೆ," ಎಂದರು.

ಆಮೇಲೆ ಕೇಳಬೇಕೆ? ಗುಳ್ಳೆಯನ್ನು ನೋಡಲು ಬೀದಿಯೇ ಬಂತು. ಹಾಲಿನವನು ಬಂದು ನೋಡಿ ಹಾಲು ಕೊಡುವುದನ್ನೇ ಮರೆತ. ಬೀದಿಯ ಕೊನೇ ಮನೆಯ ಅಜ್ಜಿಯನ್ನು ಇಬ್ಬರು ಕೈಹಿಡಿದು ಕರೆತಂದರು, ಅಜ್ಜಿ ಗುಳ್ಳೆಯನ್ನು ಬಹಳ ಹೊತ್ತು ನೋಡಿ, "ಪಾಪ, ಉಸಿರು ಕಟ್ಟೋದಿಲ್ವಾ ಅದಕ್ಕೆ?" ಎಂದಳು. ಪ್ರತಿಯೊಬ್ಬರಿಗೂ ತಮ್ಮ ಬಾಳಿನ ಒಂದೊಂದು ಕಷ್ಟಕ್ಕೆ ಕಾರಣ ಸಿಕ್ಕಿತು. ಟೈಲರಮ್ಮನಂತೂ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನ ಗ್ರಹಚಾರವೇ! ಬ್ಯಾಂಕಿನವರ ಪ್ಯಾಂಟಿಗೆ ಒಂದು ಕಾಲು ಉದ್ದ ಬಂತು ಅಂತ ಎಷ್ಟು ಬೈಸ್ಕೊಂಡೆ! ನನ್ನ ಕತ್ತರಿ ತಪ್ಪಲ್ಲ, ಮನೆ ತಪ್ಪು!"

ರಾಯರ ಮರ್ಯಾದೆ ಏರಿದ್ದೇ ಏರಿದ್ದು. ಮೊಳೆರಾಯರು ಎಂದು ನಗುತ್ತಿದ್ದ ಬಾಯಿಗಳೇ ಈಗ, "ರಾಯರೇ, ನಮ್ಮನೆಗೂ ಒಂದು ಗಳಿಗೆ ಬಂದು ಹೋಗಿ," ಎಂದು ಕರೆಯತೊಡಗಿದವು. ರಾಯರು ರಸಮಟ್ಟವನ್ನು ಕಂಕುಳಲ್ಲಿಟ್ಟುಕೊಂಡು ವೈದ್ಯರ ಗಾಂಭೀರ್ಯದಲ್ಲಿ ಹೋಗಿ ಬರುತ್ತಿದ್ದರು. ಸಂಜೆಯ ಹೊತ್ತು ಮಾತ್ರ ಹಲಗೆಯ ಎದುರು ಕುರ್ಚಿ ಹಾಕಿ ಕೂತು ಒಂದು ಸಾಧನೆ ಮಾಡುತ್ತಿದ್ದರು. ಮನೆ ಎಡಕ್ಕೆ ವಾಲಿದೆ ಎಂದರೆ, ಅದರೊಳಗೆ ನೆಟ್ಟಗಿರಬೇಕಾದ ಮನುಷ್ಯ ಬಲಕ್ಕೆ ವಾಲಬೇಕು. ಇದು ಅವರ ಲೆಕ್ಕ. ಆದ್ದರಿಂದ ತಲೆಯನ್ನು ಬಲಭುಜದ ಕಡೆಗೆ ಬಾಗಿಸಿ ಕೂರುವುದನ್ನು ರೂಢಿ ಮಾಡಿಕೊಂಡರು. ಹಾಗೆ ಕೂತು ನೋಡಿದರೆ ಹಲಗೆ ಸೊಗಸಾಗಿ, ಸಮವಾಗಿ ಕಾಣುತ್ತಿತ್ತು. ಸ್ವಲ್ಪ ದಿನಕ್ಕೇ ಕುತ್ತಿಗೆ ಹಾಗೆಯೇ ನಿಂತುಬಿಟ್ಟಿತು. ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತವರು ರಾಯರ ಮುಖ ನೋಡಲು ತಾವೂ ತಲೆ ಓರೆ ಮಾಡಬೇಕಾಯಿತು. ಇಡೀ ಸಾಲು ಒಂದೇ ಕಡೆಗೆ ತಲೆ ವಾಲಿಸಿಕೊಂಡು ನಿಂತದ್ದನ್ನು ಕಂಡ ಪೋಸ್ಟ್‌ಮಾಸ್ಟರು ಯಾರಿಗೋ ಶೋಕಾಚರಣೆ ಎಂದುಕೊಂಡು ತಾವೂ ಎದ್ದು ನಿಂತರು.

ಭಾವಮೈದುನನ ಫೋನು ಬಂತು. ಅಕ್ಕ ಎಲ್ಲ ಹೇಳಿದ್ದಳು.

"ಭಾವ, ಮನೆ ಬೀಳ್ತಿದೆಯಂತೆ?"

"ಬೀಳ್ತಿಲ್ಲ. ವಾಲಿದೆ. ವೈಜ್ಞಾನಿಕವಾಗಿ ಸಾಬೀತಾಗಿದೆ."

"ಗಟ್ಟಿಯಾಗಿ ಹಿಡ್ಕೊಂಡಿರಿ ಭಾವ. ಭಾನುವಾರ ನಾನು ಬರೋವರೆಗೂ ಕೈ ಬಿಡ್ಬೇಡಿ." ಆ ಕಡೆ ನಗು ತಡೆಯಲಾರದೆ ಫೋನಿಟ್ಟ. ರಾಯರ ಮೈಯೆಲ್ಲ ಉರಿದುಹೋಯಿತು.

ಶನಿವಾರ ನಗರಸಭೆಯ ಇಂಜಿನಿಯರ್ ಬಂದರು. ಹೆಡ್ಮೇಷ್ಟ್ರು ಅವರಿಗೆ ಹಿಂದೆ ಪಾಠ ಹೇಳಿದವರು. ಫೋನು ಮಾಡಿ ಗದರಿಸಿ ಕರೆಸಿದ್ದರು. ಇಂಜಿನಿಯರ್ ಸಾಹೇಬರು ಜೀಪಿನಿಂದಿಳಿದು, ಮೂರೂ ಮನೆಗಳನ್ನು ಹೊರಗಿನಿಂದಲೇ ಒಂದು ಕಣ್ಣು ಮುಚ್ಚಿ ನೋಡಿ, "ಹ್ಞೂಂ," ಎಂದರು. ಬೀದಿಯೆಲ್ಲ ಆ ಹ್ಞೂಂಕಾರದ ಅರ್ಥ ಹುಡುಕುತ್ತಾ ನಿಂತಿತು.

"ತಮ್ಮ ಅಳತೆ ಸಾಮಾನು ಎಲ್ಲಿ ಸಾರ್?" ಎಂದು ರಾಯರು ಕೇಳಿದರು.

"ಅದು ಆಫೀಸಿನ ಬೀರುವಿನಲ್ಲಿದೆ. ಬೀರುವಿನ ಕೀಲಿ ಸ್ಟೋರ್‌ಕೀಪರ್ ಹತ್ರ ಇದೆ. ಸ್ಟೋರ್‌ಕೀಪರ್ ರಜೆಯ ಮೇಲಿದ್ದಾರೆ. ನಿಮ್ಮ ಹತ್ರ ಏನೋ ಇದೆಯಂತಲ್ಲ, ಕೊಡಿ ಇಲ್ಲಿ."

ಹೀಗೆ ರಾಯರ ರಸಮಟ್ಟ ಸರ್ಕಾರಿ ಕೈಗೆ ಹೋಯಿತು. ರಾಯರ ಎದೆ ಉಬ್ಬಿತು. "ಅಕ್ಷರ ನಮ್ಮ ಕಡೆ ಇರಬೇಕು ಸಾರ್," ಎಂದು ಎಚ್ಚರಿಕೆ ಹೇಳಲು ಅವರು ಮರೆಯಲಿಲ್ಲ. ಸಾಹೇಬರು ರಾಯರ ನಡುಮನೆಯಲ್ಲಿ, ಹಲಗೆ ಹಾಕಿದ ಗೋಡೆಗೆ ಎದುರಾಗಿ ನಿಂತು, ಗೋಡೆಯ ಬುಡದಲ್ಲಿ ಅಳೆದರು. "ಬೀದಿ ಕಡೆಗೆ ವಾಲಿದೆ," ಎಂದು ಘೋಷಿಸಿದರು. ಬೀದಿ ನಿಟ್ಟುಸಿರು ಬಿಟ್ಟಿತು. ಅಲ್ಲಿಂದ ಟೈಲರಮ್ಮನ ಮನೆಗೆ ಹೋಗಿ, ಅದೇ ಗೋಡೆಯ ಆ ಕಡೆಯ ಮುಖಕ್ಕೆ ಎದುರಾಗಿ ನಿಂತು, ಅಕ್ಷರ ತಮ್ಮ ಕಡೆ ಬರುವಂತೆ ಇಟ್ಟು ಅಳೆದರು. ಗುಳ್ಳೆ ನೋಡಿದರು. ಮತ್ತೆ ನೋಡಿದರು. ಹಣೆಯ ಬೆವರು ಒರೆಸಿಕೊಂಡರು.

"ಇಲ್ಲಿ ಹಿತ್ತಲ ಕಡೆ ವಾಲಿದೆಯಲ್ರೀ!"

"ಅದು ಹೇಗಯ್ಯಾ? ಗೋಡೆ ಒಂದೇ ತಾನೆ?" ಎಂದರು ಹೆಡ್ಮೇಷ್ಟ್ರು.

ಸಾಹೇಬರು ಈ ಮನೆಗೂ ಆ ಮನೆಗೂ ಓಡಾಡಿದರು. ಈ ಕಡೆಯಿಂದ ನೋಡಿದರೆ ಗೋಡೆ ಬೀದಿಗೆ ಹೊರಟಿತ್ತು, ಆ ಕಡೆಯಿಂದ ನೋಡಿದರೆ ಹಿತ್ತಲಿಗೆ ಹೊರಟಿತ್ತು. ಅವರ ಹಿಂದೆ ಹೆಡ್ಮೇಷ್ಟ್ರು, ಹೆಡ್ಮೇಷ್ಟ್ರ ಹಿಂದೆ ಬೀದಿ, ಎಲ್ಲರೂ ಅತ್ತಲಿಂದಿತ್ತ ಇತ್ತಲಿಂದತ್ತ. ಕೊನೆಗೆ ಸಾಹೇಬರು ನಡುಬೀದಿಯಲ್ಲಿ ನಿಂತು, ತಮ್ಮ ಓದಿನಲ್ಲಿ ಎಲ್ಲೂ ಬಾರದ ಒಂದು ಸಂಗತಿಯನ್ನು ಮೊದಲ ಬಾರಿಗೆ ಲೋಕಕ್ಕೆ ಹೇಳಿದರು.

"ಗೋಡೆ ತಿರುಚಿಕೊಳ್ತಿದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ಇವತ್ತು ಸಂಜೆಯೊಳಗೆ ಮೂರೂ ಮನೆ ಖಾಲಿ ಮಾಡಿ. ನಾಳೆ ಮರದ ಕಂಬ ಕೊಡಿಸ್ತೀನಿ. ಆಮೇಲೆ ಕೆಡವೋದೋ ಬಿಡೋದೋ ಮೇಲಿನವರು ಹೇಳ್ತಾರೆ."

ಕೆಡವೋದು ಎಂಬ ಮಾತು ಬಿದ್ದದ್ದೇ ತಡ, ಇಷ್ಟು ಹೊತ್ತು ತಮಾಷೆಯಾಗಿದ್ದದ್ದು ತಮಾಷೆಯಾಗಿ ಉಳಿಯಲಿಲ್ಲ. ಟೈಲರಮ್ಮ ರಾಯರ ಕಡೆ ತಿರುಗಿದಳು.

"ನಿಮ್ಮ ಮೊಳೆಯಿಂದಲೇ ಆಗಿದ್ದು ಇದು! ಇಷ್ಟು ಮೊಳೆ ಹೊಡೆದ್ರೆ ಗೋಡೆ ತಿರುಚಿಕೊಳ್ಳದೆ ಇನ್ನೇನು ಮಾಡುತ್ತೆ? ಆ ಕಡೆಯಿಂದ ನೀವು ಹೊಡೆದಿದ್ದಕ್ಕೆ ಈ ಕಡೆ ತಿರುಗಿದೆ!"

"ನಿಮ್ಮ ಹೊಲಿಗೆ ಮಿಷನ್ ದಿನವಿಡೀ ಗಡಗಡ ಅಂತ ನಡುಗಿಸುತ್ತಲ್ಲ, ಅದಕ್ಕೇನಂತೀರಿ?" ಎಂದರು ರಾಯರು, ತಲೆ ಓರೆಯಾಗಿಟ್ಟುಕೊಂಡೇ.

"ಮುಖ ನೋಡಿ ನೆಟ್ಟಗೆ ಮಾತಾಡಿ ಮೊದಲು!"

"ನಾನು ನೆಟ್ಟಗೇ ಇದ್ದೀನಿ! ನೀವು ವಾಲಿದ್ದೀರಿ!"

ಹೆಡ್ಮೇಷ್ಟ್ರು ನಡುವೆ ಬಂದು ಇಬ್ಬರನ್ನೂ ಸುಮ್ಮನಾಗಿಸಿದರು. ರಾಯರು ರಸಮಟ್ಟ ಇಸಿದುಕೊಂಡು ಮನೆಯೊಳಗೆ ಬಂದು ಅದನ್ನು ಮೇಜಿನ ಮೇಲೆಸೆದು ಕೂತರು. ಹೊರಗೆ ಸಾಮಾನು ಎಳೆಯುವ ಸದ್ದು. ಒಳಗೆ ಹೆಂಡತಿ ಸೀಸೆಗಳ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಮತ್ತೆ ಪ್ರಯಾಣ. ರಾಯರಿಗೆ ಅದನ್ನು ನೋಡಲಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಗ್ಗ ಬಿಗಿದಾದ ಮೇಲೆ ಹೆಂಡತಿ ಅಭ್ಯಾಸಬಲದಿಂದ ಮೇಜಿನ ಧೂಳು ಒರೆಸಿದಳು. ಬಿಟ್ಟುಹೋಗುವ ಮನೆಯ ಮೇಜನ್ನು ಯಾಕೆ ಒರೆಸಬೇಕು ಎಂದು ಕೇಳಬೇಡಿ. ಆಕೆಯ ಜಾತಕವೇ ಹಾಗೆ. ಒರೆಸುವಾಗ ರಸಮಟ್ಟವನ್ನೆತ್ತಿ, ಮತ್ತೆ ಇಟ್ಟಳು. ಕೆಂಪಕ್ಷರ ಗೋಡೆಯ ಕಡೆಗಾಯಿತು. ಸುಮ್ಮನೆ ಬಗ್ಗಿ ಗುಳ್ಳೆ ನೋಡಿದಳು.

"ರೀ, ಈಗ ನಮ್ಮನೆ ಹಿತ್ತಲ ಕಡೆ ವಾಲಿತು ನೋಡಿ."

"ಏನು?"

"ಈಗ ತಾನೆ ಬೀದಿ ಕಡೆಗಿತ್ತಲ್ವಾ? ಈಗ ಹಿತ್ತಲ ಕಡೆಗೆ ವಾಲಿದೆ." ಆಕೆ ರಸಮಟ್ಟವನ್ನು ಹಿಂದುಮುಂದು ಮಾಡಿದಳು. "ಈಗ ಮತ್ತೆ ಬೀದಿ ಕಡೆಗೆ." ಮತ್ತೆ ತಿರುಗಿಸಿದಳು. "ಹಿತ್ತಲು." ಮುಖದಲ್ಲಿ ನಿಜವಾದ ಕುತೂಹಲ ಮೂಡಿತು. "ಇಷ್ಟು ದೊಡ್ಡ ಮನೆ ಇಷ್ಟು ಬೇಗ ಬೇಗ ಹೇಗ್ರೀ ವಾಲುತ್ತೆ? ನಮಗೆ ಒಂದು ಚೂರೂ ಗೊತ್ತಾಗ್ತಿಲ್ಲವಲ್ಲ?"

ರಾಯರು ಕುರ್ಚಿಯಿಂದ ಎದ್ದು ಬಂದರು. ಹೆಂಡತಿ ಆಗಲೇ ಹಗ್ಗ ಬಿಚ್ಚುತ್ತಿದ್ದಳು. ಪೆಟ್ಟಿಗೆಯಿಂದ ಚೌಕನೆಯ ಒಂದು ಶಾಯಿ ಸೀಸೆ ತೆಗೆದಳು. ಅದರ ನಡುವಿಗೆ ಸುತ್ತಲೂ ಉಬ್ಬಿದ ಒಂದು ಗೆರೆಯಿತ್ತು. ಆ ಗೆರೆಯವರೆಗೆ ನೀರು ತುಂಬಿಸಿ ನೆಲದ ಮೇಲಿಟ್ಟಳು. ನೀರು ಗೆರೆಯ ಉದ್ದಕ್ಕೂ ಸಮವಾಗಿ ನಿಂತಿತು. ಮೇಜಿನ ಮೇಲಿಟ್ಟಳು. ಸಮ. ಕಿಟಕಿಯ ಕಟ್ಟೆಯ ಮೇಲೆ, ಸಮ. ಆಮೇಲೆ ಹಲಗೆಯ ಮೇಲಿಟ್ಟಳು. ನೀರು ಹಿತ್ತಲ ಕಡೆ ಗೆರೆ ದಾಟಿ ಮೇಲೆ ಹೋಯಿತು, ಬೀದಿ ಕಡೆ ಗೆರೆಯಿಂದ ಕೆಳಗಿಳಿಯಿತು.

ಇಬ್ಬರೂ ನೀರನ್ನು ನೋಡುತ್ತಾ ನಿಂತರು. ರಾಯರು ಮೆಲ್ಲಗೆ ರಸಮಟ್ಟವನ್ನೆತ್ತಿ ಬೆಳಕಿಗೆ ಹಿಡಿದರು. ಗಾಜಿನ ನಳಿಗೆಯ ಒಂದು ತುದಿಯ ಕೆಳಗೆ ಅಂಚೆ ಕಚೇರಿಯ ಗೋಂದು ದಪ್ಪಗೆ, ಹಳದಿಯಾಗಿ, ಒಣಗಿ ಕೂತಿತ್ತು. ಇನ್ನೊಂದು ತುದಿಯ ಕೆಳಗೆ ಏನೂ ಇರಲಿಲ್ಲ.

"ಇದು ಬಿದ್ದಿತ್ತಾ?" ಎಂದಳು ಹೆಂಡತಿ.

"ಒಂದ್ಸಲ."

"ಯಾರು ಅಂಟಿಸಿದ್ದು?"

ರಾಯರ ಕಿವಿಗಳು ಕೆಂಪಗಾದವು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಹೆಂಡತಿ ನಗಬಹುದು ಎಂದು ಕಾದರು. ಆಕೆ ನಗಲಿಲ್ಲ. ಗಂಡನ ಮುಖ ನೋಡಿ, ದನಿ ತಗ್ಗಿಸಿ, "ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಅಂದ್ಬಿಡಿ. ಯಾರಿಗೆ ಗೊತ್ತಾಗುತ್ತೆ?" ಎಂದಳು.

ರಾಯರಿಗೆ ಆ ಮಾತು ಎಷ್ಟು ಹಿತವಾಯಿತೆಂದರೆ, ಹಾಗೆಯೇ ಹೇಳಿಬಿಡುವವರಿದ್ದರು. ಅಷ್ಟರಲ್ಲಿ ಹೊರಗೆ ಟೈಲರಮ್ಮನ ದನಿ ಕೇಳಿಸಿತು. ಆಕೆ ಹೊಲಿಗೆ ಮಿಷನ್ನನ್ನು ಹೊಸಲು ದಾಟಿಸಿ ಬೀದಿಗೆ ತಂದು, ಅದಕ್ಕೊರಗಿ ಕೂತು ಅಳುತ್ತಿದ್ದಳು. "ಮೂವತ್ತು ಜನರ ಬಟ್ಟೆ ಒಳಗಿದೆ. ಈ ಮಿಷನ್ ಹೊತ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ಯಾರಿದ್ದಾರೆ ನನಗೆ?"

ರಾಯರು ರಸಮಟ್ಟ ಹಿಡಿದು ಹೊರಗೆ ಬಂದರು.

"ಮಿಷನ್ ಒಳಗಿಡಿ ಅಮ್ಮಾ," ಎಂದರು. "ಮನೆ ವಾಲಿಲ್ಲ. ಗೋಡೆ ತಿರುಚಿಲ್ಲ. ಇದು ನನ್ನ ಕೈಯಿಂದ ಬಿದ್ದಿತ್ತು. ನಾನೇ ಗೋಂದು ಹಾಕಿ ಸೊಟ್ಟಗೆ ಅಂಟಿಸಿದ್ದೆ. ಸೊಟ್ಟಗಿರೋದು ಇದು. ಇಲ್ಲಿ ನೋಡಿ, ತಿರುಗಿಸಿ ಇಟ್ಟರೆ ತಿರುಗಿ ಹೇಳುತ್ತೆ." ಎಲ್ಲರ ಎದುರು ಮಿಷನ್ನಿನ ಹಲಗೆಯ ಮೇಲಿಟ್ಟು, ತಿರುಗಿಸಿ ತಿರುಗಿಸಿ ತೋರಿಸಿದರು. "ತಪ್ಪು ನಂದು. ಅಂಗಡಿಯವನದಲ್ಲ, ಮನೆ ಕಟ್ಟಿದವನದೂ ಅಲ್ಲ."

ಬೀದಿ ಉಸಿರು ಬಿಗಿಹಿಡಿದು ನಿಂತಿತು. ಟೈಲರಮ್ಮ ಅಳು ನಿಲ್ಲಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಾಯರನ್ನು ಮೇಲಿಂದ ಕೆಳಗೆ ನೋಡಿದಳು. ಈಗ ಬೈಗುಳದ ಮಳೆ ಸುರಿಯುತ್ತದೆಂದು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಅವಳು ಕೇಳಿದ್ದು ಒಂದೇ: "ಹಾಗಾದ್ರೆ ಆ ಪ್ಯಾಂಟು?"

"ಅದು ನಿಮ್ಮ ಕತ್ತರೀದೇ ಅಮ್ಮಾ," ಎಂದರು ರಾಯರು.

"ಹೋಗ್ಲಿ ಬಿಡಿ. ಇದು ನೀವೇ ಸೊಟ್ಟ ಮಾಡಿದ್ದು, ಅದು ನಾನೇ ಸೊಟ್ಟ ಮಾಡಿದ್ದು. ಮಿಷನ್ ಎತ್ತೋಕೆ ಒಂದು ಕೈ ಕೊಡಿ," ಎಂದಳು ಅವಳು.

ಇಂಜಿನಿಯರ್ ಸಾಹೇಬರದು ಬೇರೆಯೇ ಪೇಚು. ಮನೆ ತಿರುಚಿದೆ ಎಂದು ಆಗಲೇ ಮೇಲಿನವರಿಗೆ ಫೋನು ಮಾಡಿಯಾಗಿತ್ತು. "ತಿರುಚಿದೆ ಅಂತ ಹೇಳೋ ಅಧಿಕಾರ ನನಗಿದೆ. ತಿರುಚಿಲ್ಲ ಅಂತ ಹೇಳೋಕೆ ನನಗೆ ಅಧಿಕಾರ ಇಲ್ಲ," ಎಂದು ತಲೆ ಕೆರೆದುಕೊಂಡರು. ಹೆಡ್ಮೇಷ್ಟ್ರು ಕನ್ನಡಕದ ಮೇಲಿಂದ ಒಮ್ಮೆ ನೋಡಿದ್ದಷ್ಟೇ. ಸಾಹೇಬರು ಹಳೆಯ ವಿದ್ಯಾರ್ಥಿಯಾಗಿ ಕುಗ್ಗಿ, "ಹೀಗೆ ಮಾಡೋಣ. ನಾನು ಇವತ್ತು ಬಂದೇ ಇಲ್ಲ," ಎಂದು ಜೀಪು ಹತ್ತಿದರು. ಬೀದಿಯವರೆಲ್ಲ ಅವರು ಬಂದಿಲ್ಲವೆಂದು ಒಪ್ಪಿಕೊಂಡು ಕೈಬೀಸಿ ಕಳಿಸಿಕೊಟ್ಟರು.

ಹೆಡ್ಮೇಷ್ಟ್ರ ಮಂಚದ ಇಟ್ಟಿಗೆ ತೆಗೆಯಲು ರಾಯರು ಹೋದಾಗ ಅವರು ಅಡ್ಡಬಂದರು. "ಮುಟ್ಟಬೇಡಿ! ಕಾಲು ಮೇಲಿಟ್ಟು ಮಲಗಿದಾಗಿನಿಂದ ನನ್ನ ಮಂಡಿ ನೋವು ಹೋಗಿದೆ. ಮನೆ ವಾಲಲಿ, ಬಿಡಲಿ. ಇಟ್ಟಿಗೆ ಇಲ್ಲೇ ಇರುತ್ತೆ." ಹೀಗೆ ಈ ಪ್ರಕರಣದಲ್ಲಿ ಒಬ್ಬರಿಗಾದರೂ ಗುಣವಾಯಿತು.

ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ರಾಯರು ಮನೆಗೆ ಬಂದು, ಏಣಿಯನ್ನೂ ಸುತ್ತಿಗೆಯನ್ನೂ ಗೋಡೆಗೊರಗಿಸಿ, "ನಿನ್ನ ತಮ್ಮನಿಗೆ ಫೋನ್ ಮಾಡು. ನಾಳೆ ಬರಲಿ," ಎಂದರು.

"ಭಾನುವಾರದೊಳಗೆ ಅಂದಿದ್ದೆ. ಇವತ್ತು ಇನ್ನೂ ಶನಿವಾರ," ಎಂದಳು ಹೆಂಡತಿ. "ಏಣಿ ಹತ್ತಿ."

ರಾಯರು ಹತ್ತಿದರು. ಹೆಂಡತಿ ಹಲಗೆಯ ಮೇಲೆ ಶಾಯಿ ಸೀಸೆಯಿಟ್ಟು, ಮೂಗು ತಾಗುವಷ್ಟು ಹತ್ತಿರ ನಿಂತು ನೀರಿನ ಮೇಲೆ ಕಣ್ಣಿಟ್ಟಳು. "ಹಿತ್ತಲ ಕಡೆ ಎತ್ತಿ. ಇನ್ನೂ ಚೂರು. ಅಷ್ಟಲ್ಲ, ಇಳಿಸಿ. ಹ್ಞಾಂ, ಅಲ್ಲೇ! ಉಸಿರಾಡಬೇಡಿ! ಈಗ ತಿರುಗಿಸಿ ಸ್ಕ್ರೂ." ರಾಯರು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಮದುವೆಯಾದ ಮೇಲೆ ಇದೇ ಮೊದಲಿರಬೇಕು. ನೀರು ಗೆರೆಯ ಉದ್ದಕ್ಕೂ ಅಲುಗಾಡದೆ ನಿಂತಿತು.

ಆಮೇಲೆ ಹೆಂಡತಿ ಗುಂಡು ಬಿರಡೆಯನ್ನು ಹಲಗೆಯ ಮಧ್ಯದಲ್ಲಿಟ್ಟು ಕೈ ತೆಗೆದಳು. ಇಬ್ಬರೂ ಕಾದರು. ಬಿರಡೆ ಕದಲಲಿಲ್ಲ.

ಸೀಸೆಗಳು ಒಂದೊಂದಾಗಿ ಬಟ್ಟೆ ಬಿಚ್ಚಿಕೊಂಡು ಹೊರಬಂದವು. ನೀಲಿ, ಹಸಿರು, ಜೇನಿನ ಬಣ್ಣ. ಇಳಿಬಿಸಿಲು ಅವುಗಳನ್ನು ಹಾದು ಎದುರಿನ ಗೋಡೆಯ ಮೇಲೆ, ಸೊಟ್ಟ ಮೊಳೆಗಳ ಮೇಲೆಲ್ಲ ಬಣ್ಣ ಚೆಲ್ಲಿತು. ಹೆಂಡತಿಯ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು ಫೋನು ತೆಗೆದು ತಮ್ಮನಿಗೆ ಹಚ್ಚಿದಳು.

"ನಾಳೆ ನೀನು ಬರೋದು ಬೇಡ ಕಣೋ. ಹಲಗೆ ಆಯ್ತು. ಇನ್ಯಾರು? ನಿಮ್ಮ ಭಾವನೇ ಹಾಕಿದ್ರು. ನೆಟ್ಟಗೆ? ಬಂದು ನೋಡು ಬೇಕಾದ್ರೆ, ನೀನೂ ಹಾಕಲಾರೆ ಹಾಗೆ."

ರಾಯರು ಏಣಿಯನ್ನು ಪಕ್ಕಕ್ಕೆ ಸರಿಸಿದರು. ಎರಡು ಹೆಜ್ಜೆ ಹಿಂದೆ ಹೋಗಿ, ಕೈಕಟ್ಟಿ ನಿಂತು, ಹಲಗೆಯನ್ನು ಕಣ್ತುಂಬ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಸಣ್ಣಗಾಯಿತು.

"ಇವಳೇ," ಎಂದರು ಮೆಲ್ಲಗೆ. "ಬೇಜಾರು ಮಾಡ್ಕೋಬೇಡ. ಬೀದಿ ಕಡೆ ಸ್ವಲ್ಪ ಇಳಿದ ಹಾಗಿದೆಯಲ್ಲ?"

ಹೆಂಡತಿ ಫೋನಿಟ್ಟು ಹತ್ತಿರ ಬಂದಳು. ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಗಂಡನ ಎರಡು ಕೆನ್ನೆಗೂ ಕೈಕೊಟ್ಟು, ಬಲಭುಜದ ಮೇಲೆ ವಾಲಿ ನಿಂತಿದ್ದ ಅವರ ತಲೆಯನ್ನು ಜೋಪಾನವಾಗಿ ಎತ್ತಿ ನೆಟ್ಟಗೆ ನಿಲ್ಲಿಸಿದಳು. ಕುತ್ತಿಗೆ ಲಟಕ್ಕೆಂದಿತು.

"ಈಗ ನೋಡಿ," ಎಂದಳು, ಕೈ ಬಿಡದೆ.

"ಹ್ಞಾಂ," ಎಂದರು ಮೊಳೆರಾಯರು. "ಈಗ ಸರಿಯಾಯ್ತು."